ಸೆಮಿಸ್ಟರ್ ಮುಗಿದ ಮೇಲೆ ಕಡತ ಯಾರ ಕೈಯಲ್ಲಿ?

ಕಾಸರಗೋಡಿನ ಪರಿಸರ ವ್ಯಾಜ್ಯಗಳ ಸುದ್ದಿಯಲ್ಲಿ ಮೊದಲೆಲ್ಲ ಬರುತ್ತಿದ್ದದ್ದು ನಾಲ್ಕೇ ಹೆಸರು: ಕಲೆಕ್ಟರು, ಪ್ಲಾಂಟೇಶನ್ ಕಾರ್ಪೊರೇಶನ್, ಹೋರಾಟ ಸಮಿತಿ, ಹೈಕೋರ್ಟು. ಈಚೆಗೆ ಅವುಗಳ ಜೊತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಪ್ಯಾರಾ ಲೀಗಲ್ ವಾಲಂಟಿಯರು (ಕಾನೂನು ನೆರವಿಗೆ ತರಬೇತಿ ಪಡೆದ ಸ್ವಯಂಸೇವಕರು), ಕಾನೂನು ಕಾಲೇಜಿನ ಲೀಗಲ್ ಕ್ಲಿನಿಕ್ಕು (ವಿದ್ಯಾರ್ಥಿಗಳು ನಡೆಸುವ ಉಚಿತ ನೆರವು ಕೇಂದ್ರ) ಎಂಬ ಹೆಸರುಗಳೂ ಸೇರಿಕೊಂಡಿವೆ. ಎಲ್ಲೋ ಒಂದು ಕಾನೂನು ಕಾಲೇಜಿನ ಮಕ್ಕಳು ಪಂಚಾಯತಿನಲ್ಲಿ ನೆರವು ಶಿಬಿರ ಮಾಡಿದರಂತೆ ಎಂದು ಓದಿದವರಿಗೆ ಸಹಜವಾಗಿ ಸಂಶಯ ಏಳುತ್ತದೆ. ಇವರು ವಕೀಲರೋ, ಸಮಾಜಸೇವಕರೋ? ಕಗ್ಗಲ್ಲ ಕೋರೆಯ ಮೇಲೆ ದೂರು ಕೊಡಬೇಕಿದ್ದರೆ ಇವರ ಹತ್ತಿರ ಹೋಗಬಹುದೋ? ಹೋದರೆ ಇವರೇ ಕೋರ್ಟಿಗೆ ಬರುತ್ತಾರೋ?

ಕೊನೆಯ ಪ್ರಶ್ನೆಗೆ ಉತ್ತರ ಸರಳ: ಬರುವುದಿಲ್ಲ. ಆದರೆ ಅಷ್ಟಕ್ಕೇ ಇವರಿಂದ ಉಪಯೋಗವಿಲ್ಲ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಏಕೆ ಎಂಬುದು ತಿಳಿಯಬೇಕಾದರೆ ಎಂಡೋಸಲ್ಫಾನ್ ಎಂಬ ಕೀಟನಾಶಕದ ಪ್ರಕರಣದ ಒಂದು ಲೆಕ್ಕವನ್ನು ನೋಡಬೇಕು.

ಎಂಟು ಮಂದಿ ಮತ್ತು ಉಳಿದವರು

ಸರ್ಕಾರಿ ಸ್ವಾಮ್ಯದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಥೆ ಗಡಿನಾಡಿನವರಿಗೆ ಹೊಸತಲ್ಲ. 2010ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪರಿಹಾರಕ್ಕೆ ಶಿಫಾರಸು ಮಾಡಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಈ ಕೀಟನಾಶಕಕ್ಕೆ ತಡೆ ಹಾಕಿತು. 2017ರ ಜನವರಿ 10ರಂದು ಅದೇ ಕೋರ್ಟು, ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು, ಜೀವನಪರ್ಯಂತ ಚಿಕಿತ್ಸೆಗೆ ವ್ಯವಸ್ಥೆ ಮಾಡಬೇಕು ಎಂದು ಕೇರಳ ಸರ್ಕಾರಕ್ಕೆ ಹೇಳಿತು.

ಮೂರು ತಿಂಗಳು ಹೋಗಿ ಐದು ವರ್ಷವಾಯಿತು. ಕೆಲವರು ನ್ಯಾಯಾಂಗ ನಿಂದನೆ ಅರ್ಜಿ ಹಾಕಿದರು. 2022ರ ಮೇ 13ರಂದು ಅದರ ವಿಚಾರಣೆ ನಡೆದಾಗ ಹೊರಬಂದ ಲೆಕ್ಕ ಇದು: ಪಟ್ಟಿಯಲ್ಲಿ 3,704 ಸಂತ್ರಸ್ತರು. ಅವರಲ್ಲಿ ಹಾಸಿಗೆ ಹಿಡಿದವರು 102, ಕ್ಯಾನ್ಸರ್ ಪೀಡಿತರು 119. ಪರಿಹಾರ ಸಿಕ್ಕಿದ್ದು ಎಂಟೇ ಮಂದಿಗೆ, ಅಂದರೆ ಕೋರ್ಟಿನ ಬಾಗಿಲು ಮತ್ತೊಮ್ಮೆ ತಟ್ಟಿದವರಿಗೆ. ಉಳಿದವರ ಹಕ್ಕು ಕಾಗದದ ಮೇಲೆ ಒಂದಿಷ್ಟೂ ಕಡಿಮೆಯಿರಲಿಲ್ಲ. ಅವರಿಗಿಲ್ಲದೆ ಹೋದದ್ದು ಒಂದು ಕಡತ ಮತ್ತು ಅದನ್ನು ಹಿಡಿದು ದಿಲ್ಲಿಯವರೆಗೆ ಹೋಗುವ ಒಬ್ಬ ವಕೀಲ. ಕೋರ್ಟು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಪ್ರತಿ ತಿಂಗಳು ಸಭೆ ನಡೆಸುವಂತೆ ಮುಖ್ಯ ಕಾರ್ಯದರ್ಶಿಗೆ ಸೂಚಿಸಿತು. ಅದೇ ವರ್ಷದ ಆಗಸ್ಟಿನಲ್ಲಿ, ಆಸ್ಪತ್ರೆಗಳಿಗೆ ಹೋಗಿ ಅಲ್ಲಿನ ಸೌಕರ್ಯಗಳ ಬಗ್ಗೆ ವರದಿ ಕೊಡುವ ಹೊಣೆಯನ್ನು ಕಾಸರಗೋಡು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ಒಪ್ಪಿಸಿತು.

ಜನ ಗಮನಿಸದೆ ಬಿಟ್ಟ ತಿರುವು ಇದು. ಸರ್ಕಾರ ಕೊಟ್ಟ ಅಫಿಡವಿಟ್ಟನ್ನಷ್ಟೇ ನಂಬದೆ, ಸ್ಥಳದಲ್ಲಿ ಏನಿದೆ ಎಂದು ನೋಡಿ ಬರೆಯುವ ಕೆಲಸ ಕಾನೂನು ಸೇವಾ ವ್ಯವಸ್ಥೆಯ ತಲೆಗೆ ಬಂತು. ಆದರೆ ಜಿಲ್ಲೆಗೆ ಒಬ್ಬರೇ ಕಾರ್ಯದರ್ಶಿ, ಅವರು ನ್ಯಾಯಾಂಗದ ಅಧಿಕಾರಿ, ಬೇರೆ ಕೆಲಸ ಬೆಟ್ಟದಷ್ಟಿರುತ್ತದೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು, ಕಾರಡ್ಕದಂಥ ಪಂಚಾಯತುಗಳಲ್ಲಿ ಮನೆಮನೆಗೆ ಹೋಗಿ ದಾಖಲೆ ಸೇರಿಸುವವರು ಯಾರು? ವಿದ್ಯಾರ್ಥಿಗಳ ಹೆಸರು ಮುಂದೆ ಬರುವುದು ಇಲ್ಲಿಯೇ.

ಕ್ಲಿನಿಕ್ಕು ಎಲ್ಲಿಂದ ಬಂತು

ಬಡವರಿಗೆ ಉಚಿತ ಕಾನೂನು ನೆರವು ಕೊಡುವುದು ರಾಜ್ಯದ ಹೊಣೆ ಎಂದು ಹೇಳುವ 39ಎ ವಿಧಿ 1976ರ 42ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ ಸೇರಿತು. ಪರಿಸರ ರಕ್ಷಣೆಯ 48ಎ ವಿಧಿಯೂ ಅದೇ ತಿದ್ದುಪಡಿಯಲ್ಲಿ ಬಂದದ್ದು; ಒಂದೇ ಹೊತ್ತಿಗೆ ಹುಟ್ಟಿದ ಈ ಎರಡು ವಿಧಿಗಳು ಆಮೇಲೆ ಒಂದನ್ನೊಂದು ಭೇಟಿಯಾದದ್ದು ಅಪರೂಪ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರದ್ದು, ಜಾರಿಯಾದದ್ದು 1995ರ ನವೆಂಬರಿನಲ್ಲಿ. ಅದರ 4ನೇ ಸೆಕ್ಷನ್ನಿನಲ್ಲಿ ನಮಗೆ ಬೇಕಾದ ಎರಡು ಮಾತಿವೆ. ಪರಿಸರ ಸಂರಕ್ಷಣೆಯ ವಿಷಯದಲ್ಲಿ ಸಾಮಾಜಿಕ ನ್ಯಾಯದ ವ್ಯಾಜ್ಯ ನಡೆಸುವುದು ಪ್ರಾಧಿಕಾರದ ಕೆಲಸ ಎಂಬುದು ಒಂದು. ವಿಶ್ವವಿದ್ಯಾಲಯ ಮತ್ತು ಕಾನೂನು ಕಾಲೇಜುಗಳಲ್ಲಿ ಕ್ಲಿನಿಕ್ಕುಗಳನ್ನು ಬೆಳೆಸಿ ಅವುಗಳ ಮೇಲುಸ್ತುವಾರಿ ನೋಡಬೇಕು ಎಂಬುದು ಇನ್ನೊಂದು.

ಬಾರ್ ಕೌನ್ಸಿಲಿನ 2008ರ ಕಾನೂನು ಶಿಕ್ಷಣ ನಿಯಮಗಳು ಪ್ರತಿ ಕಾಲೇಜಿನಲ್ಲೂ ಲೀಗಲ್ ಏಡ್ ಕ್ಲಿನಿಕ್ಕು ಇರಲೇಬೇಕು ಎನ್ನುತ್ತವೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2011ರ ಕ್ಲಿನಿಕ್ ನಿಯಮಾವಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿದ್ಯಾರ್ಥಿಗಳು ಒಂದು ಹಳ್ಳಿಯನ್ನೇ ದತ್ತು ತೆಗೆದುಕೊಂಡು ಅಲ್ಲಿನ ಕಾನೂನು ಸಮಸ್ಯೆಗಳನ್ನು ಗುರುತಿಸಬಹುದು ಎನ್ನುತ್ತದೆ. ಹಾಗಾಗಿ ಕಾಲೇಜಿನ ಕ್ಲಿನಿಕ್ಕು ಯಾರದೋ ದಾನಧರ್ಮವಲ್ಲ, ಕಾನೂನಿನಲ್ಲೇ ಅದಕ್ಕೆ ಜಾಗವಿದೆ. ನಡೆಯುವುದು ಮಾತ್ರ ಬಹುಪಾಲು ಬೇರೆ: ವರ್ಷಕ್ಕೊಂದು ಶಿಬಿರ, ಒಂದು ಬ್ಯಾನರು, ಪತ್ರಿಕೆಗೊಂದು ಫೋಟೋ, ಆಂತರಿಕ ಅಂಕಕ್ಕೊಂದು ವರದಿ.

ಸಹಿ ಯಾರದ್ದು

1961ರ ವಕೀಲರ ಕಾಯ್ದೆಯ ಪ್ರಕಾರ ಕೋರ್ಟಿನಲ್ಲಿ ವಾದಿಸುವ ಹಕ್ಕು ಸನ್ನದು (ವಕೀಲಿಯ ಪರವಾನಗಿ) ಪಡೆದ ವಕೀಲರಿಗೆ ಮಾತ್ರ. ಒಂದು ನಿರ್ದಿಷ್ಟ ಪ್ರಕರಣದಲ್ಲಿ ಬೇರೆಯವರಿಗೆ ಅನುಮತಿ ಕೊಡುವ ಅಧಿಕಾರ 32ನೇ ಸೆಕ್ಷನ್ನಿನಲ್ಲಿ ನ್ಯಾಯಾಧೀಶರಿಗೆ ಇದೆಯಾದರೂ, ಅದನ್ನು ನಂಬಿ ಯಾರೂ ಕ್ಲಿನಿಕ್ಕು ಕಟ್ಟಲಾಗದು. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿನ ಹಲವು ರಾಜ್ಯಗಳಲ್ಲಿ ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಯೇ ಕಕ್ಷಿದಾರನ ಪರ ನಿಲ್ಲಬಹುದು.

ಇಲ್ಲಿ ಇನ್ನೊಂದು ಗಂಟಿದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿ ಮಾಡುವಂತಿಲ್ಲ ಎಂಬುದು ಬಾರ್ ಕೌನ್ಸಿಲಿನ ನಿಯಮ. ವಕೀಲರಾಗಿರುವವರು ದಿನಕ್ಕೆ ಮೂರು ಗಂಟೆಯವರೆಗೆ ಪಾಠ ಮಾಡಬಹುದು, ಆದರೆ ಕಾಲೇಜಿನ ಪೂರ್ಣಾವಧಿ ಅಧ್ಯಾಪಕರು ಕರಿಕೋಟು ಹಾಕಿ ಕೋರ್ಟಿಗೆ ಹೋಗುವಂತಿಲ್ಲ. ಅಂದರೆ ಕ್ಲಿನಿಕ್ಕಿನ ವಿದ್ಯಾರ್ಥಿಗೂ ವಕಾಲತ್ತು ಇಲ್ಲ, ಅವರನ್ನು ನೋಡಿಕೊಳ್ಳುವ ಮೇಷ್ಟ್ರಿಗೂ ಇಲ್ಲ. ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುವ ಡಾಕ್ಟರೇ ವಾರ್ಡಿನಲ್ಲಿ ರೋಗಿಯನ್ನೂ ನೋಡುತ್ತಾರೆ; ಕಾನೂನು ಕಾಲೇಜಿಗೆ ಅಂಥ ವಾರ್ಡೇ ಇಲ್ಲ.

ಇದರ ಪರಿಣಾಮ ನೇರವಾದದ್ದು. ಪರಿಸರ ವ್ಯಾಜ್ಯ ನಡೆಸುವ ವಕೀಲರ ಗುಂಪಿನೊಡನೆ ಅಥವಾ ಪ್ರಾಧಿಕಾರದ ಪಟ್ಟಿಯಲ್ಲಿರುವ ಪ್ಯಾನೆಲ್ ವಕೀಲರೊಡನೆ ಲಿಖಿತ ಒಪ್ಪಂದವಿಲ್ಲದ ಕ್ಲಿನಿಕ್ಕು ದೂರನ್ನು ಕೇಳಿಸಿಕೊಳ್ಳಬಲ್ಲುದೇ ಹೊರತು ಮುಂದಕ್ಕೆ ಒಯ್ಯಲಾರದು. ಬೇರೆ ದೇಶಗಳಲ್ಲಿ ಸಹಭಾಗಿತ್ವ ಎಂದರೆ ಅನುಕೂಲ. ನಮ್ಮಲ್ಲಿ ಅದಿಲ್ಲದೆ ಗಾಡಿ ಹೊರಡುವುದೇ ಇಲ್ಲ.

ಹಾಗಾದರೆ ವಿದ್ಯಾರ್ಥಿಯಿಂದ ಆಗುವುದೇನು

ಸಾಕಷ್ಟಿದೆ, ಏಕೆಂದರೆ ಪರಿಸರ ಪ್ರಕರಣಗಳು ವಾದದಲ್ಲಿ ಸೋಲುವುದಕ್ಕಿಂತ ದಾಖಲೆಯಲ್ಲಿ ಸೋಲುವುದೇ ಹೆಚ್ಚು. ಕೋರೆಗೆ ಪರಿಸರ ಅನುಮತಿ ಯಾವಾಗ ಸಿಕ್ಕಿತು, ಅದರಲ್ಲಿ ಏನೇನು ಷರತ್ತು, ಪಂಚಾಯತು ಕೊಟ್ಟ ಲೈಸೆನ್ಸಿನಲ್ಲಿ ಯಾವ ಸರ್ವೆ ನಂಬರಿದೆ, ಬಂಡೆ ಒಡೆದದ್ದು ಯಾವ ನಂಬರಿನಲ್ಲಿ? ಇಷ್ಟನ್ನು ಹೊಂದಿಸಿದರೆ ಅರ್ಧ ಕೇಸು ಆದಂತೆ. 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಹಾಕಲು ಸನ್ನದು ಬೇಕಿಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ ಬರೆಯುವುದಕ್ಕೂ ಬೇಡ. ಗಣಿ ಮತ್ತು ಭೂವಿಜ್ಞಾನ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿ, ವಿಲೇಜ್ ಆಫೀಸು ಮೂರರಿಂದಲೂ ಕಾಗದ ತರಿಸಿ ದಿನಾಂಕವಾರು ಜೋಡಿಸುವುದು ಶ್ರಮದ ಕೆಲಸ. ಜಿಲ್ಲೆಯ ಯಾವ ವಕೀಲರಿಗೂ ಸಂಭಾವನೆಯಿಲ್ಲದೆ ಅದಕ್ಕೆ ಬಿಡುವು ಸಿಗುವುದಿಲ್ಲ.

ಉತ್ತರ ಕನ್ನಡದ ಕರಾವಳಿಯಲ್ಲಿ ದಿಲ್ಲಿಯ ನೀತಿ ಸಂಶೋಧನಾ ಸಂಸ್ಥೆ ಸಿಪಿಆರ್ ಮತ್ತು ಜನರಿಗೆ ಕಾನೂನು ಬಳಸಲು ಕಲಿಸುವ ನಮತಿ ಸಂಸ್ಥೆಗಳು ಜೊತೆಯಾಗಿ ನಡೆಸಿದ ಪ್ರಯೋಗ ಇದೇ ದಾರಿಯದ್ದು. ಅಲ್ಲಿ ಸ್ಥಳೀಯರನ್ನೇ ಪ್ಯಾರಾ ಲೀಗಲ್ ಆಗಿ ತಯಾರು ಮಾಡಿ, ಕರಾವಳಿ ನಿಯಂತ್ರಣ ವಲಯದ ಉಲ್ಲಂಘನೆಗಳನ್ನು ದಾಖಲಿಸಿ, ಕೋರ್ಟಿಗೆ ಓಡುವ ಮೊದಲು ಸಂಬಂಧಪಟ್ಟ ಇಲಾಖೆಯ ಮುಂದಿಟ್ಟು ಬೆನ್ನು ಬಿಡದೆ ಕೇಳುವ ಕ್ರಮ ಬೆಳೆಯಿತು. ನಿಧಾನದ ಕೆಲಸ ನಿಜ, ಆದರೆ ಕಡತ ಊರಿನಲ್ಲೇ ಉಳಿಯುತ್ತದೆ.

ವಿದ್ಯಾರ್ಥಿಗಳ ಕಾಗದವೇ ಸುಪ್ರೀಂ ಕೋರ್ಟನ್ನು ಎಬ್ಬಿಸಿದ್ದೂ ಉಂಟು. 2019ರ ಅಕ್ಟೋಬರಿನಲ್ಲಿ ಮುಂಬಯಿಯ ಆರೆ ಕಾಲೊನಿಯಲ್ಲಿ ಮೆಟ್ರೋ ಶೆಡ್ಡಿಗಾಗಿ ಮರ ಕಡಿಯುತ್ತಿದ್ದಾಗ ಕಾನೂನು ವಿದ್ಯಾರ್ಥಿಗಳು ಮುಖ್ಯ ನ್ಯಾಯಮೂರ್ತಿಗೆ ಬರೆದ ಪತ್ರವನ್ನೇ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ತೆಗೆದುಕೊಂಡು, ರಜೆಯ ನಡುವೆ ಪೀಠ ಕೂತು, ಮರ ಕಡಿಯುವುದನ್ನು ತಡೆಯಿತು. ಅಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರ ಉರುಳಿದ್ದವು ಎಂಬುದನ್ನೂ ಸೇರಿಸಿ ಹೇಳಬೇಕು. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಪರಿಸರ ವ್ಯಾಜ್ಯಗಳಿಗೆಂದೇ ಇರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಸ್ವಯಂಪ್ರೇರಿತವಾಗಿ ಪ್ರಕರಣ ಎತ್ತಿಕೊಳ್ಳಬಹುದು ಎಂದಿತು. ಕೇರಳದ ಕಲ್ಲುಕೋರೆಗಳ ವಿವಾದವೂ ಆ ಮೇಲ್ಮನವಿಗಳ ಗುಂಪಿನಲ್ಲಿತ್ತು.

ಮಾಡಬಾರದ ಕೆಲಸವೂ ಇದೆ. ಬಾವಿಯಿಂದ ಬಾಟಲಿಯಲ್ಲಿ ನೀರು ತುಂಬಿಸಿ ಖಾಸಗಿ ಲ್ಯಾಬಿಗೆ ಕಳಿಸಿ, ರಿಪೋರ್ಟನ್ನು ವಾಟ್ಸಾಪಿನಲ್ಲಿ ಹಂಚುವುದು ಅದರಲ್ಲಿ ಮೊದಲನೆಯದು. ಪರಿಸರ ಸಂರಕ್ಷಣಾ ಕಾಯ್ದೆಯಡಿ ಮಾದರಿ ತೆಗೆಯುವುದಕ್ಕೆ ನಿಯಮಬದ್ಧ ಕ್ರಮವಿದೆ: ನೋಟಿಸು, ಮೊಹರು, ಸಹಿ, ಮಾನ್ಯತೆ ಪಡೆದ ಪ್ರಯೋಗಾಲಯ. ಎದುರು ವಕೀಲರು ಮೊದಲು ಕೇಳುವುದೇ ಅದನ್ನು. ವಿದ್ಯಾರ್ಥಿಯ ಬಾಟಲಿ ಸಂಶಯ ಹುಟ್ಟಿಸಲು ಸಾಕು, ರುಜುವಾತಿಗೆ ಸಾಲದು. ಆ ಸಂಶಯವನ್ನು ಹಿಡಿದು ಮಾಲಿನ್ಯ ನಿಯಂತ್ರಣ ಮಂಡಳಿಯೇ ಮಾದರಿ ತೆಗೆಯುವಂತೆ ಅರ್ಜಿ ಬರೆದರೆ ಅದು ಕ್ಲಿನಿಕ್ಕಿಗೆ ಹೊಂದುವ ಕೆಲಸ.

ಕಾಲದ ತೊಡಕು

ಹಸಿರು ನ್ಯಾಯಮಂಡಳಿ ಕಾಯ್ದೆ 2010ರ 14ನೇ ಸೆಕ್ಷನ್ನಿನಡಿ ಅರ್ಜಿ ಹಾಕಲು, ವಿವಾದದ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳ ಗಡುವು. ಸಕಾರಣವಿದ್ದರೆ ಇನ್ನೂ 60 ದಿನ. ಪರಿಸರ ಅನುಮತಿಯಂಥ ಆದೇಶದ ವಿರುದ್ಧ ಮೇಲ್ಮನವಿಗೆ 30 ದಿನ, ಹೆಚ್ಚೆಂದರೆ ಮತ್ತೆ 60. ಪರಿಹಾರ ಕೇಳುವುದಿದ್ದರೆ ಐದು ವರ್ಷ. 2000ದಲ್ಲಿ ನಿಂತ ಸಿಂಪಡಣೆಯ ಪರಿಹಾರದ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ನಡೆಯಿತು. ಕರ್ನಾಟಕದ ಗಡಿಯಂಚಿನ ಮಿಂಚಿನಪದವಿನಲ್ಲಿ ಉಳಿದ ಎಂಡೋಸಲ್ಫಾನನ್ನು ಹೂತಿದ್ದಾರೆ ಎಂಬ ಆರೋಪವಾದರೋ ಹಸಿರು ನ್ಯಾಯಮಂಡಳಿಯ ಚೆನ್ನೈಯ ದಕ್ಷಿಣ ಪೀಠದ ಮುಂದೆ ಬಂತು.

ಈಗ ಸೆಮಿಸ್ಟರಿನ ಕ್ಯಾಲೆಂಡರನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಆಗಸ್ಟಿನಲ್ಲಿ ತಂಡ ರಚನೆ, ಸೆಪ್ಟೆಂಬರಿನಲ್ಲಿ ಊರಿಗೆ ಭೇಟಿ, ಅಕ್ಟೋಬರಿನಲ್ಲಿ ಮಾಹಿತಿ ಹಕ್ಕಿನ ಅರ್ಜಿ. ಉತ್ತರ ಬರುವ ಹೊತ್ತಿಗೆ ಪರೀಕ್ಷೆ, ಆಮೇಲೆ ರಜೆ. ಜನವರಿಗೆ ಬೇರೆ ತಂಡ ಬಂದು ಅದೇ ಮನೆಯವರ ಹತ್ತಿರ ಅದೇ ಪ್ರಶ್ನೆ ಕೇಳುತ್ತದೆ. ಗಡುವು ಯಾರನ್ನೂ ಕಾಯುವುದಿಲ್ಲ. ಅಂತಿಮ ವರ್ಷದವರಾದರೆ ಮೇ ಕಳೆದ ಮೇಲೆ ಊರೇ ಬಿಟ್ಟಿರುತ್ತಾರೆ. ಕ್ಲಿನಿಕ್ಕುಗಳ ನಿಜವಾದ ದೌರ್ಬಲ್ಯ ಮಕ್ಕಳಿಗೆ ಕಾನೂನು ಗೊತ್ತಿಲ್ಲದಿರುವುದಲ್ಲ, ಕಡತಕ್ಕೆ ಯಜಮಾನರಿಲ್ಲದಿರುವುದು.

ಎಂಡೋಸಲ್ಫಾನಿನಿಂದ ನಲುಗಿದ ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಊರಿಗೆ ಈ ಪುನರಾವರ್ತನೆ ಹೊಸದಲ್ಲ. 2001ರಿಂದಲೇ ಅಲ್ಲಿಗೆ ಅಧ್ಯಯನ ತಂಡಗಳು, ತಜ್ಞ ಸಮಿತಿಗಳು ಸಾಲುಗಟ್ಟಿದವು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂತು, ದಿಲ್ಲಿಯ ಪರಿಸರ ಸಂಶೋಧನಾ ಸಂಸ್ಥೆ ಸಿಎಸ್‌ಇ ರಕ್ತ, ನೀರು, ಮಣ್ಣಿನ ಮಾದರಿ ಪರೀಕ್ಷಿಸಿತು, ಅಚ್ಯುತನ್ ಸಮಿತಿ, ದುಬೆ ಸಮಿತಿ ವರದಿ ಬರೆದವು. ವಾಣೀನಗರದ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ಅದಕ್ಕೂ ಮೊದಲೇ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಬರೆದಿದ್ದರು. ಇಂಥಲ್ಲಿಗೆ ಇನ್ನೊಂದು ಪ್ರಶ್ನಾವಳಿ ಹಿಡಿದು ಹೋಗುವ ವಿದ್ಯಾರ್ಥಿಯನ್ನು ಊರವರು ಅನುಮಾನದಿಂದ ನೋಡಿದರೆ ತಪ್ಪು ಯಾರದ್ದು?

ಇದಕ್ಕೆ ಪರಿಹಾರವಾಗಿ ಹೇಳುವ ಕ್ರಮ ಕಷ್ಟದ್ದೇನಲ್ಲ. ಮೂಲ ಕಡತ ಕಾಲೇಜಿನಲ್ಲಿ ಇರಬಾರದು. ಪಾಲುದಾರ ವಕೀಲರ ಕಚೇರಿಯಲ್ಲೋ, ಊರಿನ ಸಮಿತಿಯಲ್ಲೋ ಇರಬೇಕು; ವಿದ್ಯಾರ್ಥಿಗಳು ಅದಕ್ಕೆ ಸೇರಿಸುತ್ತ ಹೋಗಬೇಕು. ಗಡುವಿನ ತಾರೀಕು ಮೊದಲ ಪುಟದಲ್ಲೇ ಇರಬೇಕು. ತಂಡ ಬದಲಾಗುವಾಗ ಹಳಬರು, ಹೊಸಬರು ಒಟ್ಟಿಗೆ ಒಮ್ಮೆಯಾದರೂ ಊರಿಗೆ ಹೋಗಬೇಕು. ಖರ್ಚಿನ ಮಾತು ಬಂದರೆ, ಪರಿಹಾರ ಕೇಳದ ಅರ್ಜಿಗೆ ಹಸಿರು ನ್ಯಾಯಮಂಡಳಿಯ ಶುಲ್ಕ 1,000 ರೂಪಾಯಿ, ಅರ್ಜಿದಾರರು ವಕೀಲರಿಲ್ಲದೆ ತಾವೇ ಹಾಜರಾಗಲೂ ಅವಕಾಶವಿದೆ. ದುಬಾರಿಯಾಗುವುದು ಶುಲ್ಕವಲ್ಲ, ಮುಂದಿನ ವರ್ಷಗಳ ಓಡಾಟ.

ಮೂರು ಭಾಷೆಯ ಕಡತ

ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಇದಕ್ಕೆ ಇನ್ನೊಂದು ಪದರ ಸೇರುತ್ತದೆ. ಮನೆಯೊಳಗೆ ತುಳುವೋ ಕನ್ನಡವೋ ಹವ್ಯಕವೋ. ಕಚೇರಿಯಿಂದ ಬರುವ ಆದೇಶ ಮಲಯಾಳದಲ್ಲಿ. ಹಸಿರು ನ್ಯಾಯಮಂಡಳಿಯ ಕಲಾಪ ಇಂಗ್ಲಿಷಿನಲ್ಲಿ. ಹಳೆಯ ಅಡಂಗಲ್ (ಜಮೀನಿನ ದಾಖಲೆ), ದಾನಪತ್ರ, ಕ್ರಯಪತ್ರಗಳು ಕನ್ನಡದಲ್ಲಿರುವುದೂ ಇದೆ. ಒಂದು ಅರ್ಜಿಗೆ ಹತ್ತು ದಾಖಲೆ ಲಗತ್ತಿಸುವುದಿದ್ದರೆ ಹತ್ತಕ್ಕೂ ಭಾಷಾಂತರ ಬೇಕು. ಅದಕ್ಕೆ ತೆರಬೇಕಾದ ಹಣವನ್ನು ನೋಡಿಯೇ ಎಷ್ಟೋ ಜನ ಹಿಂದೆ ಸರಿಯುತ್ತಾರೆ.

ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರ್ಕಾರದೊಡನೆ ಪತ್ರವ್ಯವಹಾರ ಮಾಡಲು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಅವಕಾಶ ಕೊಟ್ಟಿತು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದಿತು. ಬಳಸದ ಹಕ್ಕು ತುಕ್ಕು ಹಿಡಿಯುತ್ತದೆ. ಕ್ಲಿನಿಕ್ಕು ಕನ್ನಡದಲ್ಲೇ ಅರ್ಜಿ ಬರೆಸಿ ಉತ್ತರ ಕನ್ನಡದಲ್ಲೇ ಕೇಳಿದರೆ ಅದೊಂದು ಪ್ರತ್ಯೇಕ ದಾಖಲೆಯಾಗುತ್ತದೆ. ಯೋಜನೆಗಳ ಸಾರ್ವಜನಿಕ ಅಹವಾಲು ಸಭೆಯ ವಿಷಯವೂ ಹೀಗೆಯೇ. 2006ರ ಪರಿಸರ ಪರಿಣಾಮ ಅಧಿಸೂಚನೆ 30 ದಿನ ಮುಂಚೆ ನೋಟಿಸು ಕೊಡಬೇಕು, ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು ಎನ್ನುತ್ತದೆ. ಮಂಜೇಶ್ವರ ತಾಲೂಕಿನ ಪೈವಳಿಕೆಯ ಸ್ಥಳೀಯ ಭಾಷೆ ಯಾವುದು ಎಂಬ ತಕರಾರನ್ನು ಸಭೆಗೆ ಮೊದಲೇ ಲಿಖಿತವಾಗಿ ಎತ್ತಬೇಕು, ಆದ ಮೇಲೆ ಎತ್ತಿದರೆ ಅದಕ್ಕೆ ಬೆಲೆ ಕಡಿಮೆ. 2020ರಲ್ಲಿ ಪರಿಸರ ಪರಿಣಾಮದ ಹೊಸ ಕರಡು ಅಧಿಸೂಚನೆಯನ್ನು ಪ್ರಾದೇಶಿಕ ಭಾಷೆಗಳಲ್ಲಿ ಪ್ರಕಟಿಸಬೇಕೆಂದು ದಿಲ್ಲಿ ಹೈಕೋರ್ಟು ಹೇಳಿದ್ದು ಇಂಥದೇ ತಕರಾರಿನ ಮೇಲೆ.

ವಿರೋಧ ಯಾರದ್ದು

ವಕೀಲರ ವಲಯದ ಆಕ್ಷೇಪವನ್ನು ಸ್ವಾರ್ಥ ಎಂದು ತಳ್ಳಿಹಾಕಲಾಗದು. ಕಲಿಯುವವನ ತಪ್ಪಿಗೆ ಕಕ್ಷಿದಾರ ದಂಡ ತೆರಬೇಕಾಗುತ್ತದೆ, ಸರಿಯಾಗಿ ಬರೆಯದ ಒಂದು ಅಫಿಡವಿಟ್ಟು ಇಡೀ ಪ್ರಕರಣ ಕೆಡಿಸಬಹುದು ಎಂಬುದು ಅವರ ಮಾತು. ಊರೂರು ಹೋಗಿ ಕೇಸು ಹುಡುಕುವುದು ವಕೀಲಿ ಶಿಷ್ಟಾಚಾರಕ್ಕೆ ವಿರುದ್ಧ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಹುರುಳಿದೆ, ಅದಕ್ಕೆ ಉತ್ತರ ಮೇಲ್ವಿಚಾರಣೆ. ಎರಡನೆಯದು ಶುಲ್ಕ ತೆಗೆದುಕೊಳ್ಳದ ಕಾನೂನು ನೆರವಿಗೆ ಅಷ್ಟಾಗಿ ತಗಲುವುದಿಲ್ಲ.

ಆಡಳಿತದ ಕಡೆಯ ಆಕ್ಷೇಪ ಇದಕ್ಕಿಂತ ಗಟ್ಟಿ, ಬಾಯಿಬಿಟ್ಟು ಹೇಳುವವರು ಕಡಿಮೆ. ಸರ್ಕಾರದ ಅನುದಾನದಲ್ಲಿ ನಡೆಯುವ ವಿಶ್ವವಿದ್ಯಾಲಯ ಸರ್ಕಾರದ ನಿಗಮದ ವಿರುದ್ಧವೇ ದಾಖಲೆ ಸೇರಿಸುವುದು ಹೇಗೆ? ಅಮೆರಿಕದ ಲೂಸಿಯಾನಾದಲ್ಲಿ ಇದು ನಡೆದುಹೋಗಿದೆ. ಟುಲೇನ್ ವಿಶ್ವವಿದ್ಯಾಲಯದ ಪರಿಸರ ಕಾನೂನು ಕ್ಲಿನಿಕ್ಕು 1990ರ ದಶಕದಲ್ಲಿ ಕಾನ್ವೆಂಟ್ ಎಂಬ ಊರಿನ, ಹೆಚ್ಚಿನಂಶ ಕಪ್ಪು ಜನರ ಪರ ನಿಂತು ಶಿಂಟೆಕ್ ಕಂಪನಿಯ ಪಿವಿಸಿ ಕಾರ್ಖಾನೆಯನ್ನು ವಿರೋಧಿಸಿತು. ರಾಜ್ಯಪಾಲರೂ ಉದ್ಯಮಿಗಳ ಸಂಘಗಳೂ ತಿರುಗಿಬಿದ್ದವು. 1998ರಲ್ಲಿ ಕಂಪನಿ ಆ ಜಾಗ ಬಿಟ್ಟಿತು. ಅದೇ ವರ್ಷ ಲೂಸಿಯಾನಾದ ಸುಪ್ರೀಂ ಕೋರ್ಟು ವಿದ್ಯಾರ್ಥಿಗಳು ಯಾರ ಪರ ನಿಲ್ಲಬಹುದು ಎಂಬ ನಿಯಮವನ್ನು ಬಿಗಿಮಾಡಿ, ಕಕ್ಷಿದಾರರಿಗೆ ಆದಾಯ ಮಿತಿ ಹಾಕಿತು. ಆಸ್ಟ್ರೇಲಿಯಾದಲ್ಲಿ ಸಮುದಾಯಗಳಿಗೆ ಪರಿಸರ ವಕೀಲಿ ಮಾಡುವ ಎನ್ವಿರಾನ್ಮೆಂಟಲ್ ಡಿಫೆಂಡರ್ಸ್ ಆಫೀಸುಗಳ ಅನುದಾನವನ್ನು ಕೇಂದ್ರ ಸರ್ಕಾರ 2013ರ ಕೊನೆಯಲ್ಲಿ ನಿಲ್ಲಿಸಿತು. ಕ್ಲಿನಿಕ್ಕು ಗೆಲ್ಲತೊಡಗಿದಾಗಲೇ ಅದರ ಕಾಲಿಗೆ ಹಗ್ಗ ಬೀಳುತ್ತದೆ. ಫೋಟೋ ಶಿಬಿರಗಳಿಗೆ ಯಾರ ವಿರೋಧವೂ ಇರುವುದಿಲ್ಲ.

ಸರ್ಕಾರ ಮತ್ತು ಕಾಲೇಜಿನ ನಡುವೆ ವಕೀಲರ ಸ್ವತಂತ್ರ ಗುಂಪೊಂದು ಇದ್ದರೆ ಇಂಥ ಒತ್ತಡ ಹಂಚಿಹೋಗುತ್ತದೆ. ವಿದ್ಯಾರ್ಥಿ ಕಾಗದ ಜೋಡಿಸುತ್ತಾನೆ, ಹೆಸರು ಹಾಕಿ ಸಹಿ ಮಾಡುವವರು ಬೇರೆ. ಪ್ರಾಂಶುಪಾಲರಿಗೆ ಫೋನು ಬಂದರೂ ಕೇಸು ನಿಲ್ಲುವುದಿಲ್ಲ.

ಗಡಿ ದಾಟುವ ವಿಷ, ದಾಟದ ಅಧಿಕಾರ

ಕನ್ನಡ ಬಲ್ಲ ಕಾನೂನು ವಿದ್ಯಾರ್ಥಿಗಳು ಹೆಚ್ಚಿರುವುದು ಮಂಗಳೂರು, ಪುತ್ತೂರು, ಸುಳ್ಯದ ಕಾಲೇಜುಗಳಲ್ಲಿ. ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಪುತ್ತೂರು ಹತ್ತಿರ. ಆದರೆ ಆ ಕಾಲೇಜುಗಳು ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಅಧೀನ, ಅವುಗಳ ಕ್ಲಿನಿಕ್ಕಿನ ಸಂಬಂಧ ಕರ್ನಾಟಕದ ಕಾನೂನು ಸೇವಾ ಪ್ರಾಧಿಕಾರದೊಡನೆ. ಕಾಸರಗೋಡಿನ ಪ್ರಾಧಿಕಾರ ಕೇರಳದ್ದು, ಹೈಕೋರ್ಟು ಎರ್ನಾಕುಳಂನದ್ದು. ಕಣ್ಣೂರು ವಿಶ್ವವಿದ್ಯಾಲಯದ ಮಂಜೇಶ್ವರ ಕ್ಯಾಂಪಸ್ಸಿನಲ್ಲೂ ಕಾನೂನು ತರಗತಿಗಳಿವೆ. ಜಾಗ ಸರಿ, ಅಧಿಕಾರ ಸರಿ, ಕನ್ನಡ ಎಷ್ಟು ಮಂದಿಗೆ ಬರುತ್ತದೆ ಎಂಬುದು ಆಯಾ ವರ್ಷದ ಪ್ರವೇಶದ ಮೇಲೆ.

ವಿಷ ಮಾತ್ರ ಈ ವಿಭಾಗವನ್ನು ಒಪ್ಪಿಲ್ಲ. ಎಂಡೋಸಲ್ಫಾನ್ ಸಂತ್ರಸ್ತರು ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯಲ್ಲೂ ಇದ್ದಾರೆ. ಅಲ್ಲಿಯ ಗೇರು ತೋಟಗಳು ಕರ್ನಾಟಕದ ನಿಗಮದವು. ಕರ್ನಾಟಕದ ಪಟ್ಟಿ, ಮಾಸಾಶನ ಬೇರೆ. ಕೇರಳದ ಪಟ್ಟಿ, ಪರಿಹಾರ ಬೇರೆ. ಕೇರಳದ ಆದೇಶವೊಂದು 2011ರ ಅಕ್ಟೋಬರ್ 25ರ ಬಳಿಕ ಹುಟ್ಟಿದ ಮಕ್ಕಳನ್ನು ಪಟ್ಟಿಯ ಹೊರಗಿಟ್ಟದ್ದು ವಿವಾದವಾಯಿತು. 2017ರ ವೈದ್ಯಕೀಯ ಶಿಬಿರದ ನಂತರ ಪಟ್ಟಿಯಿಂದ ಕೈಬಿಟ್ಟ 1,031 ಮಂದಿಯ ಬೇಡಿಕೆ ವರ್ಷಗಟ್ಟಲೆ ಧರಣಿಯ ವಿಷಯವಾಯಿತು. ಗಡಿಯಾಚೆ ಮದುವೆಯಾಗಿ ಹೋದ ಹೆಂಗಸು ತನ್ನ ಮಗುವಿಗೆ ಯಾವ ಪಟ್ಟಿಯಲ್ಲಿ ಅರ್ಜಿ ಹಾಕಬೇಕು ಎಂದು ಕೇಳಿದರೆ, ಎರಡೂ ಕಡೆಯ ಆದೇಶ ಓದಿ ಹೇಳುವವರು ಬೇಕು. ಮಹಿಳೆಯರು, ಮಕ್ಕಳು, ಅಂಗವಿಕಲರು, ಕೊರಗರಂಥ ಪರಿಶಿಷ್ಟ ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು ಎಂದು 1987ರ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಎರಡೂ ರಾಜ್ಯಗಳಿಗೆ ಅದೇ ಕಾಯ್ದೆ.

ಎರಡು ಜಿಲ್ಲಾ ಪ್ರಾಧಿಕಾರಗಳು, ಗಡಿಯ ಈಚೆ ಒಂದು, ಆಚೆ ಒಂದು ಕಾಲೇಜು, ಚೆನ್ನೈ ಪೀಠದಲ್ಲಿ ವಾದಿಸುವ ಒಬ್ಬ ಪರಿಸರ ವಕೀಲ ಇಷ್ಟು ಮಂದಿ ಒಂದು ಒಪ್ಪಂದಕ್ಕೆ ಬರಲು ಹೊಸ ಕಾನೂನು ಬೇಕಿಲ್ಲ. ಚೆನ್ನೈ ಪೀಠದ ವ್ಯಾಪ್ತಿಯಲ್ಲಿ ಕೇರಳ, ಕರ್ನಾಟಕ ಎರಡೂ ಇವೆ, ಅಲ್ಲಿ ಗಡಿಯ ಪ್ರಶ್ನೆಯೇ ಇಲ್ಲ. ಗಡಿ ಅಡ್ಡ ಬರುವುದು ಕೆಳಗಿನ ಕೆಲಸಕ್ಕೆ: ಮಲಯಾಳದ ಆದೇಶವನ್ನು ಓದಬಲ್ಲ ವಿದ್ಯಾರ್ಥಿ ಮಂಜೇಶ್ವರದ ಕಡೆಯಿಂದ, ಕನ್ನಡದ ಕ್ರಯಪತ್ರ ಓದಬಲ್ಲವನು ಪುತ್ತೂರಿನ ಕಡೆಯಿಂದ ಬಂದು ಒಂದೇ ಮೇಜಿನಲ್ಲಿ ಕೂರಬೇಕು.

1998ರಲ್ಲಿ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ ವೈಮಾನಿಕ ಸಿಂಪಡಣೆ ನಿಲ್ಲಿಸಲು ಹೋದದ್ದು ಕಾಞಂಗಾಡಿನ ಹೊಸದುರ್ಗ ಮುನ್ಸಿಫ್ ಕೋರ್ಟಿಗೆ. ಅದು ತಾಲೂಕು ಮಟ್ಟದ ಸಿವಿಲ್ ದಾವೆ. ದಿಲ್ಲಿಯ ಪೀಠಗಳು ಈ ವಿಷಯಕ್ಕೆ ಬರುವ ಎಷ್ಟೋ ಮೊದಲು, 2000ದಲ್ಲಿ, ಸಿಂಪಡಣೆಗೆ ತಡೆ ಬಿದ್ದದ್ದು ಅಲ್ಲಿಂದ. ಅಂಥ ದಾವೆಗೆ ಬೇಕಾದ ಕಾಗದಗಳು ಇಂದಿಗೂ ಪಂಚಾಯತು ಕಚೇರಿ, ಕೃಷಿ ಭವನ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಇರುತ್ತವೆ, ಅರ್ಜಿ ಕೊಟ್ಟು ಕೇಳಿದವರಿಗೆ ಸಿಗುತ್ತವೆ.